ಹಾಲಲ್ಲಿ ಹೊಡೆಯುವ ಎಣ್ಣೆ

ತುಮಕೂರಿನ ಶೆಟ್ಟಿಹಳ್ಳಿ ಬಡಾವಣೆಯ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಆದರೆ ಯಾರೂ ಬಾಯಿಬಿಟ್ಟು ಹೇಳದಿದ್ದ ವಿಷಯ ಒಂದಿತ್ತು. ಗುರುಸಿದ್ದಯ್ಯ ಮೇಷ್ಟ್ರು ಗಾಳಿ ಬಿಡುತ್ತಿದ್ದರು.

ಲೋಕದಲ್ಲಿ ಯಾರು ಬಿಡುವುದಿಲ್ಲ ಎನ್ನಬಹುದು. ಮೇಷ್ಟ್ರದು ಬೇರೆಯೇ ದರ್ಜೆ. ಗುಬ್ಬಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿ, ಹೆಂಡತಿ ಶಕುಂತಲಮ್ಮನೊಂದಿಗೆ ತುಮಕೂರಿಗೆ ಮಗನ ಮನೆಗೆ ಬಂದ ಮೇಲೆ ಅವರಿಗೆ ಆರೋಗ್ಯದ ಹುಚ್ಚು ಹತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಹಸಿ ಬೆಳ್ಳುಳ್ಳಿ. ಅದರ ಹಿಂದೆಯೇ ಮೊಳಕೆ ಕಟ್ಟಿದ ಹುರುಳಿಕಾಳು. ಮಧ್ಯಾಹ್ನ ಮುದ್ದೆಗೆ ಅವರೆಕಾಳು ಸಾರು, ಸಂಜೆ ಬೇಯಿಸಿದ ಕಡಲೆಕಾಯಿ. ಇಷ್ಟನ್ನೂ ಒಳಗೆ ಸೇರಿಸಿಕೊಂಡು ಹಾಲ್‌ನ ದಿವಾನದ ಮೇಲೆ ಪೇಪರ್ ಹಿಡಿದು ಕೂರುತ್ತಿದ್ದರು. ಸಂಪಾದಕೀಯದ ಹೊತ್ತಿಗೆ ಅವರ ಎಡತೊಡೆ ಮೆಲ್ಲಗೆ ಮೇಲೇಳುತ್ತಿತ್ತು. ಎಳವೆಯಿಂದಲೂ ಕಿವಿ ಸ್ವಲ್ಪ ಮಂದವಾಗಿದ್ದ ಮೇಷ್ಟ್ರು, ಆದದ್ದು ಸದ್ದಿಲ್ಲದೆ ಆಯಿತೆಂದೇ ನಂಬಿದ್ದರು. ಅಡುಗೆಮನೆಯಲ್ಲಿದ್ದ ಹೆಂಗಸರಿಗೆ ಮಾತ್ರ ಯಾರೋ ಹಳೇ ಸೀರೆ ಹರಿದಂತೆ ಕೇಳಿಸುತ್ತಿತ್ತು.

ಮನೆಯವರು ಇದಕ್ಕೆ ಗ್ಯಾಸ್ಟ್ರಿಕ್ ಎಂದು ಹೆಸರಿಟ್ಟಿದ್ದರು, ಅದೂ ಮೇಷ್ಟ್ರು ಇಲ್ಲದಾಗ.

ಸೊಸೆ ಮಾಲಿನಿ ಹೈಸ್ಕೂಲ್ ಹುಡುಗಿಯರಿಗೆ ಸೈನ್ಸ್ ಟ್ಯೂಷನ್ ಹೇಳುತ್ತಿದ್ದದ್ದು ಅದೇ ಹಾಲ್‌ನಲ್ಲಿ. ಹುಡುಗಿಯರು ಮೊದಮೊದಲು ದುಪ್ಪಟ್ಟಾವನ್ನು ಮೂಗಿಗೆ ಒತ್ತಿಕೊಂಡು ನಕ್ಕರು. ನಗುವುದಕ್ಕೂ ಉಸಿರು ಬೇಕಲ್ಲ, ಆಮೇಲೆ ನಗುವುದನ್ನೂ ಬಿಟ್ಟರು. ಒಂದು ಸಂಜೆ ಇಂಪನಾ ಎಂಬ ಹುಡುಗಿಯ ತಾಯಿ ಮಗಳನ್ನು ಬಿಡಲು ಬಂದವಳು ಬಾಗಿಲಲ್ಲೇ ನಿಂತು, ಬಹಳ ಮರ್ಯಾದೆಯಿಂದ, "ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮನೆ ಡ್ರೈನೇಜ್ ಒಂದ್ಸಲ ಚೆಕ್ ಮಾಡಿಸ್ಬಿಡಿ," ಅಂದಳು.

ದುರದೃಷ್ಟಕ್ಕೆ ಆ ಮಾತು ಮೇಷ್ಟ್ರಿಗೆ ಕೇಳಿಸಿತು. "ಸರಿಯಾಗಿ ಹೇಳಿದಳು ನೋಡು! ನಾನೂ ಎಷ್ಟು ದಿನದಿಂದ ಹೇಳ್ತಾ ಇದೀನಿ ಸೋಮು, ಈ ಮನೇಲಿ ಏನೋ ವಾಸನೆ ಇದೆ ಅಂತ. ನೀನೆಲ್ಲಿ ಕೇಳ್ತೀಯ?"

ಮಗ ಸೋಮಶೇಖರ್ ಅಪ್ಪನೆದುರು ಇಲ್ಲವೆನ್ನಲಾರದೆ ಆಳು ಕರೆಸಿ ಹಿತ್ತಲಿನ ಡ್ರೈನೇಜ್ ಚೇಂಬರ್ ತೆಗೆಸಿದ. ಆಳು ಒಳಗೆ ಬಗ್ಗಿ ನೋಡಿ, "ಸಾರ್, ಇದ್ರೊಳಗೆ ಏನೂ ಇಲ್ಲ. ಮನೆಗಿಂತ ಇಲ್ಲೇ ಪರ್ವಾಗಿಲ್ಲ," ಎಂದು ಮುಚ್ಚಳ ಹಾಕಿ ಹೋದ.

"ನಿಮ್ಮಪ್ಪಂಗೆ ನೀವೇ ಹೇಳ್ರಿ," ಎಂದು ಮಾಲಿನಿ ಗಂಡನನ್ನು ಮೂಲೆಗೆ ಹಿಡಿದಳು.

"ಏನಂತ ಹೇಳ್ಲಿ? ಸಂಧಿ ಸಮಾಸ ಕಲಿಸಿದ ಮನುಷ್ಯ ಕಣೇ ಅವ್ರು."

"ಹಂಗಾದ್ರೆ ಲೋಪ ಸಂಧಿ ಅಂತ ಹೇಳಿ. ಏನೋ ಲೋಪ ಆಗ್ತಿದೆ ಅಂತ."

ಸೋಮಶೇಖರ್ ಹೇಳಲಿಲ್ಲ. ಬದಲಿಗೆ ಸೂಪರ್ ಮಾರ್ಕೆಟ್‌ನಿಂದ ಗುಲಾಬಿ ಚಿತ್ರವಿದ್ದ ರೂಂ ಫ್ರೆಶ್‌ನರ್ ಡಬ್ಬಿ ತಂದ. ಅದನ್ನು ಹೊಡೆದ ಮೇಲೆ ಹಳೆಯ ವಾಸನೆ ಎಲ್ಲಿಗೂ ಹೋಗಲಿಲ್ಲ. ಗುಲಾಬಿ ಹಾರ ಹಾಕಿಕೊಂಡು ಅಲ್ಲೇ ಕೂತಿತು. ಮೇಷ್ಟ್ರಿಗೆ ಸೀನು ಶುರುವಾಗಿ, ಸೀನಿನ ಜೊತೆ ದಮ್ಮು ಹತ್ತಿ, ಸೀನಿನ ಒತ್ತಡಕ್ಕೆ ಇನ್ನೊಂದು ದಿಕ್ಕಿನಿಂದಲೂ ಉತ್ತರ ಬರತೊಡಗಿತು. ಡಬ್ಬಿ ಆವತ್ತೇ ಕಸದ ಗಾಡಿ ಹತ್ತಿತು.

ಮಾಲಿನಿ ಹಟಕ್ಕೆ ಬಿದ್ದದ್ದು ಆಗ. ಕೆಮಿಕಲ್ ಇಲ್ಲದ್ದನ್ನು ಮನೆಯಲ್ಲೇ ಮಾಡಬಹುದೆಂದು ಮೊಬೈಲ್‌ನಲ್ಲಿ ಹತ್ತಾರು ವಿಡಿಯೊ ನೋಡಿದಳು. ಎಲ್ಲದರಲ್ಲೂ ಬಿಳಿ ಅಡುಗೆಮನೆಯಲ್ಲಿ ನಿಂತ ಹೆಂಗಸರು ನಾಲ್ಕು ಹನಿ ಎಣ್ಣೆ ಹಾಕಿ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದರು. ಅವರ ಮನೆಯಲ್ಲಿ ಹುರುಳಿ ತಿನ್ನುವ ಮಾವ ಇದ್ದಂತೆ ಕಾಣಲಿಲ್ಲ. ಆದರೂ ಅತ್ತೆಯನ್ನು ಕರೆದುಕೊಂಡು ಮಂಡಿಪೇಟೆಗೆ ಹೋಗಿ ಗ್ರಂಧಿಗೆ ಅಂಗಡಿಯಲ್ಲಿ ನಿಂಬೆಹುಲ್ಲಿನ ಎಣ್ಣೆ, ನೀಲಗಿರಿ ಎಣ್ಣೆ, ಲವಂಗದ ಎಣ್ಣೆ ತಂದಳು. ಪ್ಲಾಸ್ಟಿಕ್ ಬಾಟಲಿಯನ್ನು ಈ ಎಣ್ಣೆಗಳು ತಿಂದುಬಿಡುತ್ತವೆಂದು ಗಾಜಿನ ಸ್ಪ್ರೇ ಬಾಟಲಿ ತರಿಸಿದಳು. ನಲ್ಲಿ ನೀರು ಹಾಕಿದರೆ ಬೇಗ ಕೆಡುತ್ತದೆಂದು, ಕಾರಿನ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನನ್ನು ಸೋಮಶೇಖರ್ ಹೊತ್ತು ತಂದ.

ಮೊದಲ ಬಾಟಲಿ ಸಂಪೂರ್ಣ ಸೋತಿತು. ಎಣ್ಣೆ ನೀರಿನ ಮೇಲೆ ತೇಲಿ ಕೂತು ಕೆಳಗಿನ ಕೊಳವೆಯಿಂದ ಬರೀ ನೀರು ಬಂತು. ಜೋರಾಗಿ ಅಲ್ಲಾಡಿಸಿ ಹೊಡೆದರೆ ಬರೀ ಎಣ್ಣೆ ಚಿಮ್ಮಿ, ಗೋಡೆಯ ಮೇಲಿದ್ದ ಮೇಷ್ಟ್ರ ಬೀಳ್ಕೊಡುಗೆ ಸಮಾರಂಭದ ಫೋಟೊಗೆ ಬಿತ್ತು. ಫೋಟೊದಲ್ಲಿ ಶಾಲು ಹೊದ್ದ ಮೇಷ್ಟ್ರ ಮೂಗಿನ ಮೇಲೆ ಎಣ್ಣೆ ಇಳಿಯುತ್ತಿರುವುದನ್ನು ನೋಡಿ ಶಕುಂತಲಮ್ಮ, "ಬುಡು, ಸರಿಯಾದ್ ಜಾಗಕ್ಕೇ ಬಿತ್ತು," ಅಂದರು.

ಮರುದಿನ ಟ್ಯೂಷನ್‌ನಲ್ಲಿ ದ್ರಾವಣದ ಪಾಠ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ಆಲ್ಕೋಹಾಲ್‌ನಲ್ಲಿ ಕರಗುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದ ಮಾಲಿನಿ ಅರ್ಧಕ್ಕೇ ನಿಂತಳು. ಎಷ್ಟೋ ವರ್ಷದಿಂದ ಹೇಳಿಕೊಡುತ್ತಿದ್ದ ಮಾತು ಅವಳ ತಲೆಯೊಳಗೆ ಇಳಿದದ್ದು ಆವತ್ತೇ. ಮೆಡಿಕಲ್ ಶಾಪಿನಿಂದ ಸರ್ಜಿಕಲ್ ಸ್ಪಿರಿಟ್ ತಂದು ಬೆರೆಸಿದಳು. ಎಣ್ಣೆ ಚೆನ್ನಾಗಿಯೇ ಕರಗಿತು. ಆದರೆ ಹಾಲ್ ಪೂರ್ತಿ ಇಂಜೆಕ್ಷನ್ ರೂಮಿನಂತೆ ಮೂಗಿಗೆ ಹೊಡೆಯಿತು. ಮೇಷ್ಟ್ರು ಪೇಪರ್ ಇಳಿಸಿ, "ಯಾರಿಗಮ್ಮಾ ಏಟಾಗಿದ್ದು?" ಎಂದು ಗಾಬರಿಯಾದರು.

ಇನ್ನು ಉಳಿದಿದ್ದು ವೋಡ್ಕಾ. ವಾಸನೆ ಇಲ್ಲ, ಎಣ್ಣೆ ಕರಗಿಸುತ್ತದೆ, ಬೇಗ ಆರುತ್ತದೆ. ಅದನ್ನು ತರುವವರು ಯಾರು ಎಂಬುದೊಂದೇ ತೊಂದರೆ. ಮನೆಯಲ್ಲಿ ಎಲ್ಲರ ಹಣೆ ಮೇಲೆ ವಿಭೂತಿ. ಗುಬ್ಬಿ ಹತ್ತಿರದ ಮಠದ ಸಮಿತಿಯಲ್ಲಿ ಮೇಷ್ಟ್ರು ಹಿರಿಯ ಸದಸ್ಯರು.

"ತುಮಕೂರಲ್ಲಿ ಯಾವ ವೈನ್ ಸ್ಟೋರ್‌ಗೆ ಹೋದ್ರೂ ಅಪ್ಪನ ಶಿಷ್ಯ ಒಬ್ಬ ಇದ್ದೇ ಇರ್ತಾನೆ," ಎಂದು ಸೋಮಶೇಖರ್ ಕೈ ಎತ್ತಿದ. "ಕುಡುಕರ ಕನ್ನಡ ಇಷ್ಟು ಶುದ್ಧವಾಗಿರೋದು ಯಾಕೆ ಅನ್ಕೊಂಡೆ?"

ದಾರಿ ತೋರಿಸಿದವರು ಶಕುಂತಲಮ್ಮ. ಅವರ ತವರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ. ಅಲ್ಲಿ ಅಣ್ಣನ ಮಗನ ಮನೆಯ ಗೃಹಪ್ರವೇಶವಿತ್ತು. ಆವತ್ತೇ ಮಠದ ಸಮಿತಿಯ ಮೀಟಿಂಗ್ ಇದ್ದದ್ದರಿಂದ ಮೇಷ್ಟ್ರು ಬರುವಂತಿರಲಿಲ್ಲ. ಮೂವರೂ ಕಾರಿನಲ್ಲಿ ಹೋಗಿ, ಹೋಳಿಗೆ ಊಟ ಮುಗಿಸಿ, ಬರುವಾಗ ಕುಣಿಗಲ್‌ನಲ್ಲಿ ಹೈವೇ ಪಕ್ಕದ ಒಂದು ವೈನ್ ಸ್ಟೋರ್ ಎದುರು ಕಾರು ನಿಲ್ಲಿಸಿದರು.

ಸೋಮಶೇಖರ್ ಮೊದಲು ಮಾಸ್ಕ್ ಹಾಕಿದ. ಆಮೇಲೆ ಡಿಕ್ಕಿಯಲ್ಲಿದ್ದ ಹೆಲ್ಮೆಟ್ ತೆಗೆದು ಅದನ್ನೂ ಹಾಕಿಕೊಂಡ. ಮತ್ತೆ ಬಂದು ಸ್ಟಿಯರಿಂಗ್ ಹಿಡಿದು ಹಾಗೇ ಕೂತ.

"ಕಾರೊಳಗೆ ಹೆಲ್ಮೆಟ್ ಹಾಕ್ಕೊಂಡು ಕೂತ್ರೆ ಎಲ್ರೂ ನಿನ್ನೇ ನೋಡ್ತಾರೆ ಕಣೋ, ದಡ್ಡ ಮುಂಡೇದೆ," ಎಂದು ಶಕುಂತಲಮ್ಮ ಕಾರಿನ ಬಾಗಿಲು ತೆಗೆದರು. "ಮದ್ವೆಯಾಗಿ ಈ ಊರ್ ಬಿಟ್ಟಿದ್ದು ಯಾವ ಕಾಲ್ದಲ್ಲೋ. ನನ್ನ ಗುರ್ತು ಹಿಡಿಯೋರು ಯಾರವ್ರೆ? ನಾನೇ ತರ್ತೀನಿ."

ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಗೃಹಪ್ರವೇಶದ ತಾಂಬೂಲದ ಚೀಲ. ಸಾಲಿನಲ್ಲಿದ್ದ ಗಂಡಸರು ಸರಸರನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ದೇವಸ್ಥಾನದಲ್ಲೂ ಆಕೆಗೆ ಅಂಥ ಮರ್ಯಾದೆ ಸಿಕ್ಕಿರಲಿಲ್ಲ.

"ಯಾರ್ ಬೇಕಿತ್ತಮ್ಮ?" ಎಂದ ಕೌಂಟರಿನವನು.

"ಯಾರೂ ಬ್ಯಾಡ ಕಣಪ್ಪ. ವೋಡ್ಕಾ ಬೇಕು. ವಾಸ್ನೆ ಇರ್ಬಾರ್ದು, ಸ್ಟ್ರಾಂಗ್ ಇರ್ಬೇಕು ಅಂತ ಸೊಸೆ ಹೇಳವ್ಳೆ."

"ಕ್ವಾರ್ಟರಾ, ಹಾಫಾ?"

"ದೊಡ್ಡದೇ ಕೊಡು. ಮನೆ ದೊಡ್ಡದು."

ಬಾಟಲಿಯನ್ನು ಚೀಲದಲ್ಲಿ ತೆಂಗಿನಕಾಯಿ ವೀಳ್ಯದೆಲೆ ಪಕ್ಕ ಮಲಗಿಸಿ ತಿರುಗಿದರೆ, ಎದುರಿಗೆ ಪೇಪರ್ ಸುತ್ತಿದ ಬಾಟಲಿ ಹಿಡಿದುಕೊಂಡು ಗಂಗಹನುಮಯ್ಯ ನಿಂತಿದ್ದ. ಗುಬ್ಬಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಮೇಷ್ಟ್ರ ಹಳೇ ಶಿಷ್ಯ, ಮಠದ ಭಕ್ತ. ಗುಬ್ಬಿಯಲ್ಲಿ ಕೊಂಡರೆ ಕಂಡವರು ಆಡಿಕೊಂಡಾರು ಎಂದು ಪಾಪ, ಅವನೂ ಕುಣಿಗಲ್‌ವರೆಗೆ ಬಂದಿದ್ದ.

"ಅಮ್ಮಾವ್ರೇ!" ಎಂದವನೇ ಬಾಟಲಿ ಹಿಡಿದುಕೊಂಡೇ ಕಾಲು ಮುಟ್ಟಲು ಬಗ್ಗಿದ.

"ಏಳಪ್ಪ, ಏಳು. ನೀನ್ ಅನ್ಕೊಂಡಂಗಲ್ಲ ಇದು." ಶಕುಂತಲಮ್ಮ ನಿಜವನ್ನೇ ಹೇಳಿದರು. "ಮನೇಲೇ ಎಣ್ಣೆಗೆ ಬೆರೆಸ್ತೀವಿ ಕಣಪ್ಪ. ಸೊಸೆ ಬೆರೆಸಿಕೊಡ್ತಾಳೆ, ಹಾಲಲ್ಲಿ ಹೊಡೀತೀವಿ. ನಾನೂ ಹೊಡೀತೀನಿ, ಅವಳೂ ಹೊಡೀತಾಳೆ. ದಿನಾ ಸಾಯಂಕಾಲ ನಿಮ್ಮ ಮೇಷ್ಟ್ರು ಪೇಪರ್ ಹಿಡ್ಕೊಂಡು ಕೂತ್ರು ಅಂದ್ರೆ ಹೊಡೀಲೇಬೇಕು. ಇಲ್ದಿದ್ರೆ ತಡ್ಕೊಳ್ಳೋಕಾಗಲ್ಲ."

ಹಾಲ್ ಎಂದು ಆಕೆ ಹೇಳಿದ್ದು ಮನೆಯ ಹಾಲ್ ಬಗ್ಗೆ. ಗಂಗಹನುಮಯ್ಯನಿಗೆ ಕೇಳಿಸಿದ್ದು ಹಸುವಿನ ಹಾಲು. ಎಣ್ಣೆಯೆಂದರೆ ಅವನಿಗೆ ಗೊತ್ತಿದ್ದದ್ದು ಒಂದೇ ಎಣ್ಣೆ, ಅದು ಅವನ ಕೈಯಲ್ಲೇ ಇತ್ತು. ಮೇಷ್ಟ್ರ ಕಾಟ ತಡೆಯಲಾರದೆ ಅತ್ತೆ ಸೊಸೆ ಇಬ್ಬರೂ ಹಾಲಿಗೆ ಬೆರೆಸಿಕೊಂಡು ಕುಡಿಯುವ ಹಂತಕ್ಕೆ ಬಂದಿದ್ದಾರೆಂದು ಅವನ ಕಣ್ಣು ಒದ್ದೆಯಾಯಿತು. "ನಾನು ಯಾರ್ ಹತ್ರಾನೂ ಬಾಯ್ ಬಿಡಲ್ಲ ಅಮ್ಮಾವ್ರೇ," ಅಂದ. "ನಾನೂ ಇಲ್ಲಿಗ್ ಬಂದಿದ್ದು..."

"ನಾನೂ ಬಾಯ್ ಬಿಡಲ್ಲ, ಹೋಗು," ಅಂದರು ಶಕುಂತಲಮ್ಮ.

ಈ ಸಲ ಸ್ಪ್ರೇ ಕೈಕೊಡಲಿಲ್ಲ. ಗಾಜಿನ ಬಾಟಲಿಗೆ ಮೊದಲು ವೋಡ್ಕಾ ಹಾಕಿ, ಅದಕ್ಕೆ ನಿಂಬೆಹುಲ್ಲಿನ ಎಣ್ಣೆ ಧಾರಾಳವಾಗಿ, ನೀಲಗಿರಿ ಅದಕ್ಕಿಂತ ಕಡಿಮೆ, ಲವಂಗ ಬರೀ ಒಂದೆರಡು ಹನಿ ಬಿಟ್ಟು ತಿರುವಿ, ಎಣ್ಣೆ ಕಣ್ಣಿಗೆ ಕಾಣದಂತಾದ ಮೇಲೆ ನೀರು ಸೇರಿಸಿದಳು ಮಾಲಿನಿ. ನೀರು ಬಿದ್ದೊಡನೆ ಬಾಟಲಿ ಗಂಜಿತಿಳಿಯಂತೆ ಬೆಳ್ಳಗಾಯಿತು. ಹೊಡೆಯುವ ಮುಂಚೆ ಪ್ರತಿ ಸಲ ಕುಲುಕಬೇಕು, ಮೇಲಕ್ಕೆ ಫ್ಯಾನಿನ ಕಡೆಗೆ ಹೊಡೆಯಬೇಕು, ಮಾವನ ಮುಖದ ಕಡೆಗಲ್ಲ ಎಂದು ಅತ್ತೆಗೆ ಪಾಠವಾಯಿತು.

ಅತ್ತೆ ಸೊಸೆ ಪಾಳಿ ಹಾಕಿಕೊಂಡರು. "ಅತ್ತೆ, ಎಡತೊಡೆ!" ಎಂದು ಒಬ್ಬರು ಪಿಸುಗುಟ್ಟಿದರೆ ಇನ್ನೊಬ್ಬರು ಸೆರಗಿನ ಮರೆಯಿಂದ ಬಾಟಲಿ ತೆಗೆದು ಚುಸ್ ಎನ್ನಿಸುತ್ತಿದ್ದರು. ಹಾಲ್ ಹುಲ್ಲುಗಾವಲಿನಂತೆ ತಣ್ಣಗೆ ಘಮಘಮಿಸಿತು. ಮೇಷ್ಟ್ರಿಗೆ ಸೀನೂ ಬರಲಿಲ್ಲ, ದಮ್ಮೂ ಬರಲಿಲ್ಲ. ಟ್ಯೂಷನ್ ಹುಡುಗಿಯರು ದುಪ್ಪಟ್ಟಾ ಇಳಿಸಿದರು. ಮೇಷ್ಟ್ರು ಮೂಗರಳಿಸಿ, "ನೋಡಿದ್ಯಾ? ಚೇಂಬರ್ ತೆಗೆಸಿದ್ದಕ್ಕೇ ಸರಿಹೋಯ್ತು," ಎಂದು ಮಗನಿಗೆ ಹೇಳಿದರು.

ಗಂಗಹನುಮಯ್ಯ ಕೊಟ್ಟ ಮಾತಿನಂತೆ ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಒಬ್ಬಳಿಗೆ ಹೇಳಿದ, ಅದೂ ತಾನು ಅಲ್ಲಿಗೆ ಯಾಕೆ ಹೋಗಿದ್ದೆ ಎಂಬುದನ್ನು ಬಿಟ್ಟು. ಅವಳು ಸಮಿತಿಯ ಅಧ್ಯಕ್ಷ ಮಹಾದೇವಯ್ಯನವರ ಹೆಂಡತಿ ಸಿದ್ದಲಕ್ಷ್ಮಮ್ಮನಿಗೆ ಹೇಳಿದಳು. ಸಿದ್ದಲಕ್ಷ್ಮಮ್ಮನಿಗೆ ಹೇಳಿದ ಮೇಲೆ ಗುಬ್ಬಿಯಲ್ಲಿ ಇನ್ಯಾರಿಗೂ ಹೇಳುವ ಅಗತ್ಯ ಬೀಳಲಿಲ್ಲ.

ಮುಂದಿನ ಮೀಟಿಂಗಿನಲ್ಲಿ ಮಹಾದೇವಯ್ಯ ಮೇಷ್ಟ್ರ ಭುಜದ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದೊಯ್ದರು. "ಮೇಷ್ಟ್ರೇ, ಮನೇಲೆಲ್ಲ ಆರಾಮಾ? ಹಾಲು ಎಲ್ಲಿಂದ ತರಿಸ್ತೀರಿ?"

"ನಂದಿನಿ ಪ್ಯಾಕೆಟ್. ಯಾಕೆ?"

ಮಹಾದೇವಯ್ಯ ಸುತ್ತಿ ಬಳಸಿ, ಕೆಮ್ಮಿ, ಕೊನೆಗೆ ಎಲ್ಲವನ್ನೂ ಹೇಳಿದರು.

ಆವತ್ತು ಮನೆಗೆ ಬಂದ ಮೇಷ್ಟ್ರು ಹೆಂಡತಿಯ ಮೇಲೊಂದು ಕಣ್ಣಿಟ್ಟರು. ಹೆಂಡತಿ ಹಾಲಿನ ಲೋಟ ಕೆಳಗಿಟ್ಟು ಎದ್ದಾಗ ಅದನ್ನೆತ್ತಿ ಮೂಸಿದರು. ಏನೂ ಗೊತ್ತಾಗಲಿಲ್ಲ. ಮೂರನೆಯ ದಿನವೋ ನಾಲ್ಕನೆಯ ದಿನವೋ ಅಡುಗೆಮನೆಯಲ್ಲಿ ಬೆಲ್ಲ ಹುಡುಕುವಾಗ ರಾಗಿಹಿಟ್ಟಿನ ಡಬ್ಬದ ಹಿಂದೆ ಬಾಟಲಿ ಸಿಕ್ಕಿತು. ಅರ್ಧ ಖಾಲಿಯಾಗಿತ್ತು. ಮೇಷ್ಟ್ರು ಅದನ್ನು ಇದ್ದಲ್ಲೇ ಇಟ್ಟು, ಮುಂಬಾಗಿಲ ಮೆಟ್ಟಿಲ ಮೇಲೆ ಹೂ ಕಟ್ಟುತ್ತಿದ್ದ ಹೆಂಡತಿಯ ಪಕ್ಕ ಹೋಗಿ ಕೂತರು. ಅಷ್ಟು ವರ್ಷದಲ್ಲಿ ಅವರು ಹಾಗೆ ಮೆಟ್ಟಿಲ ಮೇಲೆ ಬಂದು ಕೂತದ್ದೇ ಇಲ್ಲ. ಶಕುಂತಲಮ್ಮ ಗಂಡನಿಗೇನೋ ಎದೆನೋವು ಬಂತೆಂದು ಹೆದರಿದರು.

"ಶಕುಂತಲಾ," ಎಂದರು ಮೇಷ್ಟ್ರು, "ನಾನು ನಿನಗೆ ಬಹಳ ಬೇಜಾರು ಮಾಡಿದೀನಾ?"

"ಏನಾಯ್ತ್ರೀ ನಿಮ್ಗೆ?"

"ಊರ ಮಕ್ಕಳಿಗೆಲ್ಲ ಬುದ್ಧಿ ಹೇಳ್ಕೊಂಡು ತಿರುಗಿದೆ. ನಿನಗೇನು ಬೇಕು ಅಂತ ಒಂದಿನ ಕೇಳ್ಲಿಲ್ಲ. ಕುಡಿಯೋ ಮಟ್ಟಕ್ಕೆ ಹೋಗೋ ಅಂಥ ಕಷ್ಟ ಏನಿತ್ತು ಹೇಳು. ನಾನು ಬಯ್ಯಲ್ಲ."

ಶಕುಂತಲಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಗು ಬಂತು, ಆದರೆ ನಗಲಾಗಲಿಲ್ಲ. ಮದುವೆಯಾದಾಗಿನಿಂದ ಈ ಮನುಷ್ಯ ಹೀಗೆ ಪಕ್ಕದಲ್ಲಿ ಕೂತು ನಿನಗೇನು ಕಷ್ಟ ಎಂದು ಕೇಳಿರಲಿಲ್ಲ. ಕೇಳಿದ್ದನ್ನು ಕೆಡಿಸುವುದು ಬೇಡ, ಹೌದು ಕುಡಿಯುತ್ತೇನೆ ಎಂದೇ ಹೇಳಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಆಕೆ ಕೊತ್ತಗೆರೆಯವರು. ಬಾಯಿಗೆ ಬಂದದ್ದನ್ನು ನುಂಗಿ ಅಭ್ಯಾಸವಿರಲಿಲ್ಲ.

"ನಾನ್ ಕುಡಿಯಲ್ಲ ಕಣ್ರೀ. ಅದು ನಿಮ್ಮ ಗ್ಯಾಸಿಗೆ."

"ನನ್ನ ಗ್ಯಾಸಿಗಾ?"

ಆಕೆ ಎಲ್ಲವನ್ನೂ ಹೇಳಿದರು. ಎಡತೊಡೆ, ಟ್ಯೂಷನ್ ಹುಡುಗಿಯರು, ಖಾಲಿ ಚೇಂಬರ್, ನಿಂಬೆಹುಲ್ಲು, ಕುಣಿಗಲ್. ಮೇಷ್ಟ್ರು ಅಲ್ಲಾಡದೆ ಕೇಳಿದರು.

"ಸದ್ದು ಬರುತ್ತಾ?"

"ಬರುತ್ತೆ."

"ಜೋರಾಗಿ?"

"ಪಕ್ಕದ ಮನೆ ನಾಯಿ ಎದ್ದು ಕೂರುತ್ತೆ."

"ಎಷ್ಟು ದಿನದಿಂದ?"

"ನಾನ್ ಬಂದಾಗಿಂದ. ಅದಕ್ಕಿಂತ ಮುಂಚಿಂದು ನಿಮ್ಮವ್ವ ಹೇಳ್ಬೇಕಿತ್ತು."

ಮೇಷ್ಟ್ರ ಮುಖದಲ್ಲಿ ಏನೋ ಕುಸಿಯಿತು. "ಹಂಗಾದ್ರೆ ಕ್ಲಾಸಲ್ಲೂ..." ಅಂದರು. "ಹುಡುಗರು ನಗ್ತಿದ್ರು ಶಕುಂತಲಾ. ನಾನು ನನ್ನ ಹಾಸ್ಯಪ್ರಜ್ಞೆಗೆ ಅನ್ಕೊಂಡಿದ್ದೆ," ಅಂದರು.

ಮರುದಿನ ಮೇಷ್ಟ್ರು ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ತಾರಸಿ ಹತ್ತಿದರು. ನೀರಿನ ಟ್ಯಾಂಕಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಊಟಕ್ಕೆ ಬಿಟ್ಟರೆ ಕೆಳಗಿಳಿಯಲಿಲ್ಲ. ಹುರುಳಿಕಾಳು ಮುಟ್ಟಲಿಲ್ಲ. ಮಗ ಹೋಗಿ ಕರೆದರೆ, "ಇಲ್ಲಿ ಗಾಳಿ ಚೆನ್ನಾಗಿದೆ," ಅಂದವರು ತಕ್ಷಣ ಆ ಪದವನ್ನು ಆಡಿದ್ದಕ್ಕೇ ನಾಚಿ ಆಚೆ ತಿರುಗಿದರು. ಮಾಲಿನಿಗೆ ಸಂಕಟವಾಯಿತು. "ಬಾಟ್ಲಿ ಎಸೆದುಬಿಡ್ತೀನಿ ಅತ್ತೆ," ಎಂದು ಕಣ್ಣು ತುಂಬಿಕೊಂಡಳು.

"ಏನೂ ಬ್ಯಾಡ," ಅಂದ ಶಕುಂತಲಮ್ಮ ಎರಡು ಲೋಟ ಕಾಫಿ ಹಿಡಿದು ತಾರಸಿಗೆ ಹತ್ತಿದರು. "ನಂಗೇನ್ ಕಷ್ಟ ಅಂತ ಕೇಳಿದ್ರಲ್ಲ. ಹೇಳ್ತೀನಿ, ಕೇಳ್ರಿ."

ಹೇಳಿದರು. ಗುಬ್ಬಿಯಲ್ಲಿದ್ದಾಗ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆಂದು ಸೀರೆ ಉಡಿಸಿ ನಿಲ್ಲಿಸಿ ಕವಿಗೋಷ್ಠಿಗೆ ಹೋದದ್ದರಿಂದ ಹಿಡಿದು, ಆಕೆ ತವರಿನಿಂದ ಬರೆದ ಕಾಗದದಲ್ಲಿದ್ದ ಕಾಗುಣಿತದ ತಪ್ಪಿಗೆ ಕೆಂಪು ಇಂಕಿನಲ್ಲಿ ಗುರುತು ಹಾಕಿ ವಾಪಸು ಕಳಿಸಿದ್ದರವರೆಗೆ. ಒಂದು ಸಂಜೆಗೆ ಮುಗಿಯಲಿಲ್ಲ. ಮರುದಿನವೂ ಕಾಫಿ ಮೇಲೆ ಹೋಯಿತು, ಅದರ ಮರುದಿನವೂ. ಕೆಳಗಿದ್ದ ಮಾಲಿನಿಗೆ ಒಮ್ಮೊಮ್ಮೆ ಜಗಳದ ಸದ್ದು, ಒಮ್ಮೊಮ್ಮೆ ನಗು, ನಡುವೆ ಹಳೇ ಸೀರೆ ಹರಿದ ಸದ್ದು, ಆಮೇಲೆ ಇಬ್ಬರ ನಗುವೂ ಕೇಳಿಸತೊಡಗಿತು.

ಅಷ್ಟರಲ್ಲಿ ಮಠದ ಹೊಸ ದಾಸೋಹ ಭವನದ ಪ್ರಾರಂಭೋತ್ಸವ ಬಂತು. ಸ್ವಾಗತ ಭಾಷಣ ಮೇಷ್ಟ್ರದೇ. ನಾಲ್ವರೂ ಗುಬ್ಬಿಗೆ ಹೋದರು. ಶಕುಂತಲಮ್ಮ ವಾಡಿಕೆಯಂತೆ ಸೆರಗು ಸಿಕ್ಕಿಸಿ ಅಡುಗೆ ಕೋಣೆಗೆ ಹೋದರು. ಮಠದಲ್ಲಿ ಶಾವಿಗೆ ಪಾಯಸ ಎಂದರೆ ಅವರ ಕೈಯದೇ.

ಸಿದ್ದಲಕ್ಷ್ಮಮ್ಮ ಹಾಲಿನ ಕೊಳಗಕ್ಕೆ ಅಡ್ಡ ನಿಂತಳು. "ಅಕ್ಕ, ನೀವು ಆ ಕಡೆ ಹೂವು ಪೂವು ಬಿಡಿಸ್ಕೊಂಡು ಕೂತ್ಕೊಳಿ. ಹಾಲಿನ್ ಹತ್ರ ಬ್ಯಾಡ."

"ಯಾಕೆ?"

"ಯಾಕೆ ಅಂತ ನಿಮ್ಗೇ ಗೊತ್ತಲ್ಲ. ದೇವರ ಕೆಲ್ಸ. ಯಾವ್ದಕ್ಕೆ ಏನು ಬೆರೆಯುತ್ತೋ." ಪಕ್ಕದಲ್ಲಿ ತೆಂಗಿನಕಾಯಿ ತುರಿಯುತ್ತಿದ್ದವರು ತಲೆ ತಗ್ಗಿಸಿ ನಕ್ಕರು.

ಶಕುಂತಲಮ್ಮ ಅಲ್ಲಿ ಜಗಳವಾಡಲಿಲ್ಲ. ಹೊರಗೆ ಬಂದು ಹೆಂಗಸರ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಜೊತೆಗಿದ್ದ ಮಾಲಿನಿ ಸಿಟ್ಟಿನಿಂದ ಕೆಂಪಾಗಿ ಹೋಗಿ ಮಾವನಿಗೆ ನಡೆದದ್ದನ್ನು ಹೇಳಿದಳು. ಮೇಷ್ಟ್ರು ಸ್ವಾಗತ ಭಾಷಣದ ಚೀಟಿಯನ್ನು ಮಡಿಸಿ ಜೇಬಿಗೆ ತುರುಕಿದರು.

ವೇದಿಕೆಯ ಮೇಲೆ ಮಠದ ಹಿರಿಯ ಸ್ವಾಮೀಜಿ, ಮಹಾದೇವಯ್ಯ, ಸಮಿತಿಯವರು. ಮೇಷ್ಟ್ರು ಮೈಕ್ ಹಿಡಿದರು.

"ಪರಮಪೂಜ್ಯರೇ, ಗುರುಹಿರಿಯರೇ, ತಾಯಂದಿರೇ. ನಿಮ್ಮೆಲ್ಲರನ್ನೂ ಸ್ವಾಗತಿಸೋ ಮುಂಚೆ ಒಂದು ಮಾತು ಹೇಳ್ಬೇಕು. ನನ್ನ ಹೆಂಡತಿ ಹೆಂಡ ಕುಡಿಯೋದಿಲ್ಲ." ಮೈಕ್ ಕುಯ್ ಎಂದಿತು. ಮೇಷ್ಟ್ರು ಅದು ಮುಗಿಯುವವರೆಗೂ ಕಾದರು. "ನಾನು ಹೂಸು ಬಿಡ್ತೀನಿ."

ಹೊಸ ಭವನಕ್ಕೆ ಪ್ರತಿಧ್ವನಿ ಚೆನ್ನಾಗಿತ್ತು. ಕೊನೆಯ ಎರಡು ಪದ ನಾಲ್ಕು ಗೋಡೆಗೂ ತಾಗಿ ತಿರುಗಿ ಬಂದವು. ಸೋಮಶೇಖರ್ ಮುಖ ಮುಚ್ಚಿಕೊಂಡ.

ಆಗ ಹಿಂದಿನ ಸಾಲಿನಿಂದ ಯಾರೋ ನಡುವಯಸ್ಸಿನವನು ಕೂಗಿದ: "ಗೊತ್ತು ಸಾರ್!"

ಭವನ ಬಿದ್ದು ಹೋಗುವಂತೆ ನಗು ಎದ್ದಿತು. ಅಲ್ಲಿದ್ದ ಗಂಡಸರಲ್ಲಿ ಅರ್ಧದಷ್ಟು ಜನ ಅವರ ಶಿಷ್ಯರೇ. ಮೇಷ್ಟ್ರು ತರಗತಿಯಲ್ಲಿ ಮಾಡುವಂತೆ ಕೈಯೆತ್ತಿ ಸುಮ್ಮನಿರಿಸಿ, ಮುಂದುವರಿಸಿದರು. ಎಣ್ಣೆ ನೀರಿನಲ್ಲಿ ಯಾಕೆ ಕರಗುವುದಿಲ್ಲ, ಅದಕ್ಕೆ ಏನು ಬೇಕು, ಅದನ್ನು ತರಲು ಮನೆಯ ಗಂಡಸಿಗೆ ಧೈರ್ಯ ಸಾಲದೆ ಹೆಂಗಸು ಹೋಗಬೇಕಾದದ್ದು ಹೇಗೆ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು. "ನನ್ನ ಮರ್ಯಾದೆ ಕಾಯೋಕೆ ಹೋಗಿ ಅವಳ ಮರ್ಯಾದೆ ಹೋಗಿದೆ. ಪಾಯಸ ಅವಳು ಮಾಡ್ತಾಳೆ. ಬೇಡ ಅನ್ನೋರು ಊಟ ಬಿಟ್ಟು ಹೋಗಬಹುದು."

ಗಂಗಹನುಮಯ್ಯ ಎದ್ದು ನಿಂತ. ಕೈ ಮುಗಿದುಕೊಂಡೇ, "ತಪ್ಪಾಯ್ತು ಸಾರ್. ಆದ್ರೆ ಅಮ್ಮಾವ್ರೇ ಹೇಳಿದ್ದು, ಹಾಲಲ್ಲಿ ಹೊಡೀತೀವಿ ಅಂತ!"

"ಹಾಲ್! ಹಾಲ್!" ಎಂದು ಹೆಂಗಸರ ಸಾಲಿನಿಂದ ಮಾಲಿನಿ ಕಿರುಚಿದಳು. "ಸೋಫಾ ಹಾಕೋ ಹಾಲ್!"

ಗಂಗಹನುಮಯ್ಯ ಅದನ್ನು ಅರಗಿಸಿಕೊಳ್ಳುವಷ್ಟರಲ್ಲಿ ಅವನ ಹೆಂಡತಿ ಎರಡು ಸಾಲು ಮುಂದಿನಿಂದ ನಿಧಾನಕ್ಕೆ ತಿರುಗಿದಳು. "ಅದ್ಸರಿ. ನೀವ್ಯಾಕ್ ಹೋಗಿದ್ರಿ ಅಲ್ಲಿಗೆ?" ಅವನು ಕೂತ. ಆಮೇಲೆ ಊಟದವರೆಗೂ ಏಳಲಿಲ್ಲ.

ಸ್ವಾಮೀಜಿ ನಗುತ್ತಾ ಕಣ್ಣೊರೆಸಿಕೊಂಡು, ಶಕುಂತಲಮ್ಮನನ್ನು ಕರೆಸಿ, "ಹೋಗಮ್ಮ, ಪಾಯಸಕ್ಕೆ ಕೈ ಹಾಕು. ಹಸಿವಾಗ್ತಾ ಇದೆ," ಅಂದರು. ಸಿದ್ದಲಕ್ಷ್ಮಮ್ಮ ಕೊಳಗದ ಮುಂದಿನಿಂದ ಸರಿದಳು. ಕ್ಷಮೆ ಕೇಳಲಿಲ್ಲ, ಆದರೆ ದ್ರಾಕ್ಷಿ ಗೋಡಂಬಿ ತಾನೇ ಹುರಿದುಕೊಟ್ಟಳು. ಶಕುಂತಲಮ್ಮ ಬೇಕೆಂದೇ ಎರಡು ಸಲ ಸರಿಯಾಗಿ ಹುರಿದಿಲ್ಲವೆಂದು ವಾಪಸು ಕಳಿಸಿದರು.

ಊಟವಾದ ಮೇಲೆ ಸ್ವಾಮೀಜಿ ಮಾಲಿನಿಯನ್ನು ಹತ್ತಿರ ಕರೆದು ದನಿ ತಗ್ಗಿಸಿದರು. "ನಮ್ಮ ಪೂಜೆ ಕೋಣೆ ಮಾಡಿನಲ್ಲಿ ಬಾವಲಿ ಸೇರ್ಕೊಂಡಿವೆ ತಾಯಿ. ಧೂಪ ಹಾಕಿದ್ರೂ ಆ ನಾತ ಹೋಗ್ತಿಲ್ಲ. ನಿಮ್ಮದೊಂದು ಬಾಟ್ಲಿ ಸಿಗುತ್ತಾ?"

"ಬುದ್ಧಿ, ಅದ್ರಲ್ಲಿ ವೋಡ್ಕಾ ಇದೆ."

"ನಾವೇನು ಕುಡೀತೀವಾ? ಬಾವಲಿಗೆ ತಾನೆ?" ಅಂದ ಸ್ವಾಮೀಜಿ ಸ್ವಲ್ಪ ಯೋಚಿಸಿ, "ಮಹಾದೇವಯ್ಯನಿಗೆ ಮಾತ್ರ ಹೇಳ್ಬೇಡಿ," ಅಂದರು.

ವಾಪಸು ಬರುವಾಗ ಮೇಷ್ಟ್ರು ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಅವರೆಕಾಳು ಹುಳಿ ಮೂರು ಸಲ ಹಾಕಿಸಿಕೊಂಡಿದ್ದರು. ಗುಬ್ಬಿ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಅವರ ಎಡತೊಡೆ ಮೆಲ್ಲಗೆ ಮೇಲೆದ್ದಿತು.

"ಸೋಮು, ಈಗ ಕೇಳಿಸ್ತಾ?"

"ಕೇಳಿಸ್ತು ಅಪ್ಪ."

"ಹೇಗಿತ್ತು?"

"ಮಾಮೂಲಿ ಅಪ್ಪ."

ನಾಲ್ಕೂ ಗಾಜು ಇಳಿದವು. ಹಿಂದಿನ ಸೀಟಿನಲ್ಲಿ ಅತ್ತೆ ಸೊಸೆ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮೇಷ್ಟ್ರು ಹಿಂದಕ್ಕೆ ತಿರುಗಿದರು. "ಮಾಲಿನಿ, ಆ ನೀಲಗಿರಿ ಹಾಕ್ಬೇಡಮ್ಮ. ಜ್ವರ ಬಂದೋರ ಮನೆ ಥರ ಇರುತ್ತೆ. ದವನದ ಎಣ್ಣೆ ಸಿಕ್ಕಿದ್ರೆ ಹಾಕು."

"ದವನ ಯಾಕೆ ಮಾವ?"

"ನಿಮ್ಮತ್ತೆ ಮದ್ವೆ ದಿನ ದವನ ಮುಡ್ಕೊಂಡಿದ್ದಳು," ಎಂದು ಮೇಷ್ಟ್ರು ಮುಂದಕ್ಕೆ ತಿರುಗಿಕೊಂಡರು.

"ಅದು ದವನ ಅಲ್ಲ, ಮರುಗ," ಅಂದರು ಶಕುಂತಲಮ್ಮ. "ಇರ್ಲಿ, ಯಾವ್ದೋ ಒಂದು ಹಾಕು."